ಉಗಾಂಡಾಕ್ಕೆ ಮೊದಲು ಕ್ಯಾಂಪಿಗೆ

ಅವಳನ್ನು ಇಲ್ಲಿ ಶಾಂತಾ ಅನ್ನೋಣ. ಹೆಸರು, ಗುರುತು ಎರಡನ್ನೂ ಬದಲಿಸಿದ್ದೇನೆ. ವಯಸ್ಸು 26, ಸಿಂಧನೂರು ತಾಲ್ಲೂಕಿನವಳು, ನರ್ಸಿಂಗ್ ಓದಿದವಳು. ಉಗಾಂಡಾದ ಹಳ್ಳಿಗಳಲ್ಲಿ 6 ತಿಂಗಳು ಆರೋಗ್ಯ ಶಿಕ್ಷಣದ ಸ್ವಯಂಸೇವೆ ಮಾಡಲು ಕರೆ ಬಂದಿತ್ತು. ರಾಯಚೂರಿನಲ್ಲಿ ಸಲಹೆ ಕೇಳಲು ನನ್ನ ಮುಂದೆ ಬಂದು ಕೂತಾಗ ಕೈಯಲ್ಲಿ ಫೈಲು, ಪಕ್ಕದಲ್ಲಿ ಅವ್ವ.

“ಅಷ್ಟು ದೂರ ಯಾಕ ಹೊಂಟಾಳ, ನೀವರ ಕೇಳ್ರಿ ಮೇಡಂ,” ಅಂದರು ಅವ್ವ.

ಅವ್ವ ಹೊರಗೆ ಹೋದ ಮೇಲೆ ಒಳಗಿನ ಮಾತು ಬಂತು. ಹೋದ ವರ್ಷ ಶಾಂತಾ ತನ್ನೂರಿನಲ್ಲೇ ರಕ್ತಹೀನತೆ ಬಗ್ಗೆ ಚಾರ್ಟ್ ಹಿಡಿದು ಮಾತಾಡಿದ್ದಳು. ಹೆಂಗಸರು ಸುಮ್ನೆ ಕೂತಿದ್ದು ಎದ್ದು ಹೋದರು. “ಇಲ್ಲಿ ನಾನು ಮನಿ ಹುಡುಗಿ ಮೇಡಂ, ಯಾರೂ ಕೇಳಂಗಿಲ್ಲ. ಅಲ್ಲಾದ್ರ ಕೇಳ್ತಾರ.”

ನನಗೆ ಕಳವಳವಾಗಿದ್ದು ಈ ಮಾತಿಗೆ. ಈ ನೋವು ಹೊತ್ತುಕೊಂಡೇ ಹೋದರೆ, ಅಲ್ಲಿನವರೂ ಸುಮ್ಮನೆ ಎದ್ದು ಹೋದ ದಿನ ಇವಳ ಗತಿ ಏನು? ಆಗ ಅವ್ವನೂ ಹತ್ತಿರ ಇರಲ್ಲ, ಅಲ್ವಾ?

ಸಿಂಧನೂರಿನ ಹತ್ತಿರ ನಿರಾಶ್ರಿತರ ಪುನರ್ವಸತಿಗೆ ಮಾಡಿದ ಆರ್‌ಎಚ್ ಕ್ಯಾಂಪ್‌ಗಳಿವೆ. ಪೂರ್ವ ಬಂಗಾಳದಿಂದ, ಅಂದರೆ ಈಗಿನ ಬಾಂಗ್ಲಾದೇಶದಿಂದ ಬಂದ ಕುಟುಂಬಗಳು ನೆಲೆಸಿದ ಜಾಗ. ಮನೆ ಮಾತು ಬಂಗಾಳಿ. “ಅಲ್ಲಿ ಆಶಾ ಕಾರ್ಯಕರ್ತೆ ಜೊತೆ ನಾಲ್ಕು ಭಾನುವಾರ ಹೋಗಮ್ಮ. ಚಾರ್ಟ್ ಬೇಡ. ಮೊದಲ ವಾರ ಏನೂ ಹೇಳಬೇಡ, ಬರೀ ಕೇಳು” ಅಂದೆ.

ಎರಡನೇ ವಾರ ಭೇದಿಯಾದ ಮಗುವಿನ ವಿಷಯ ಬಂತಂತೆ. ಓಆರ್‌ಎಸ್ ಪ್ಯಾಕೆಟ್ ಸಿಗದಿದ್ದರೆ 1 ಲೀಟರ್ ಶುದ್ಧ ನೀರಿಗೆ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಅಂದಳು. ಒಬ್ಬ ಅಜ್ಜಿ ಒಳಗಿಂದ ತಮ್ಮ ಚಮಚ ತಂದು ತೋರಿಸಿದರು. ಟೀ ಚಮಚದ ಮೂರರಷ್ಟಿತ್ತು. ಅದರಲ್ಲಿ ಉಪ್ಪು ಅಳೆದರೆ ಮಗುವಿಗೇ ಅಪಾಯ. ಶಾಂತಾ ನೆಲದಲ್ಲಿ ಕೂತು, ಟೀ ಚಮಚದಲ್ಲಿ ಸಕ್ಕರೆ ತುಂಬಿ, ಬೆರಳಿನಿಂದ ಸವರಿ ಸಮ ಮಾಡಿ, ಅಜ್ಜಿಯ ಚಮಚಕ್ಕೆ ಸುರಿಯುತ್ತಾ ಎಣಿಸಿದಳು. ಅಜ್ಜಿಯೂ ಬಂಗಾಳಿಯಲ್ಲಿ ಎಣಿಸಿದರು.

“ನಮ್ಮೂರಾಗ ನಾನು ಯಾರ ಮನಿ ಚಮಚಾನೂ ನೋಡಿರಲಿಲ್ಲ ಮೇಡಂ,” ಅಂದಳು. ಹೇಳುತ್ತಾ ಕಣ್ಣು ತುಂಬಿಕೊಂಡಳು. ಆ ದಿನ ನನಗೆ ಧೈರ್ಯ ಬಂತು.

ಉಳಿದದ್ದು ಕಾಗದದ ಕೆಲಸ. ಹಳದಿ ಜ್ವರದ ಲಸಿಕೆ ಇಲ್ಲದೆ ಉಗಾಂಡಾ ಒಳಗೆ ಬಿಡುವುದಿಲ್ಲ. ಹೊರಡಲು 10 ದಿನ ಮೊದಲೇ ಹಾಕಿಸಿಕೊಳ್ಳಬೇಕು, ಆ ಪ್ರಮಾಣಪತ್ರ ಜೀವನಪೂರ್ತಿ ನಡೆಯುತ್ತದೆ. ಮಲೇರಿಯಾ ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ಶುರು ಮಾಡಬೇಕು. ಯಾವ ವೀಸಾ, ಯಾರ ಕೈಕೆಳಗೆ ಕೆಲಸ ಎಂಬುದನ್ನು ಬರೆಸಿಕೊಳ್ಳಲು ಹೇಳಿದೆ. ಕರೆದವರು ಒಂದೂವರೆ ಲಕ್ಷ ಕೇಳಿದ್ದರು. ಅಪ್ಪ ಹೊಲ ಅಡವಿಡಲು ತಯಾರಾಗಿದ್ದರು. ಅದು ಮಾತ್ರ ಬೇಡ ಅಂತ ಗಟ್ಟಿಯಾಗಿ ಹೇಳಿದೆ. ಪ್ರತಿ ರೂಪಾಯಿ ಯಾವುದಕ್ಕೆ ಅಂತ ಲೆಕ್ಕ ಕೊಡದವರ ಜೊತೆ ಹೋಗಬಾರದು. ಶಾಂತಾ ಲೆಕ್ಕ ಕೇಳಿ ಅವರ ಉತ್ತರಕ್ಕೆ ಕಾಯುತ್ತಿದ್ದಾಳೆ.

ಅವ್ವನಿಗಿದ್ದ ಹೆದರಿಕೆ ಒಂದೇ. ಜ್ವರ ಬಂದರೆ ಯಾರು ನೋಡ್ತಾರೆ? ವಿಮೆ, ಹತ್ತಿರದ ಆಸ್ಪತ್ರೆ, ಫೋನ್ ನಂಬರು, ವಾರಕ್ಕೊಮ್ಮೆ ಮಾತಾಡುವ ದಿನ, ಎಲ್ಲವನ್ನೂ ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಅಡುಗೆಮನೆ ಗೋಡೆಗೆ ಅಂಟಿಸಲು ಶಾಂತಾಗೆ ಹೇಳಿದ್ದೇನೆ. ಮೊನ್ನೆ ಬಂದಾಗ ಅವ್ವ ಕೇಳಿದ್ದು, “ಅಲ್ಲಿ ಜೋಳ ಬೆಳಿತಾರೇನ್ರಿ?”

ಬೆಳೀತಾರವ್ವ, ಅಂದೆ.