ನೀರಿನ ಮಾತ್ರೆ ತಪ್ಪಿಸುವ ಯಜಮಾನರು

ಹಾರ್ಟ್ ಫೇಲ್ಯೂರ್ ಅಂದರೆ ಹೃದಯ ಸರಿಯಾಗಿ ರಕ್ತ ಪಂಪ್ ಮಾಡಲಾಗದೆ ಮೈಯಲ್ಲಿ ನೀರು ತುಂಬಿಕೊಳ್ಳುವ ಕಾಯಿಲೆ. ಅದರ ಬಗ್ಗೆ ನನಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ರೋಗಿಗಳದ್ದಲ್ಲ, ಅವರ ಹೆಂಡತಿಯದ್ದು ಇಲ್ಲವೇ ಗಂಡನದ್ದು. ಪ್ರಶ್ನೆಗಳೂ ಅವೇ, ಮತ್ತೆ ಮತ್ತೆ. ಉಪ್ಪು ಕಮ್ಮಿ ಮಾಡಿ, ಸಿಗರೇಟು ಬಿಡಿ ಅಂತ ಇಲ್ಲಿ ಇನ್ನೊಮ್ಮೆ ಬರೆಯುವುದಿಲ್ಲ. ಅದು ನಿಮಗೆ ಗೊತ್ತಿದೆ.

ಪ್ರಶ್ನೆ: ಯಜಮಾನರಿಗೆ 74, ನನಗೆ 70. ನಾಲ್ಕು ವರ್ಷದಿಂದ ಅವರಿಗೆ ಹಾರ್ಟ್ ಫೇಲ್ಯೂರ್. ಹೊರಗೆ ಹೋಗುವ ದಿನ ನೀರಿನ ಮಾತ್ರೆ ತಗೊಳ್ಳೋದೇ ಇಲ್ಲ. ದಾರಿಯಲ್ಲಿ ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತೆ ಅಂತಾರೆ. ಕೇಳಿದರೆ ಜಗಳ. ‘ಕಾಲು ಊದಿಲ್ವಲ್ಲ, ನೋಡು’ ಅಂತಾರೆ. ಏನು ಮಾಡಲಿ?

ಅಮ್ಮಾ, ಇದನ್ನು ಅವರಿಗೂ ಓದಲು ಕೊಡಿ. ಅವರ ತೊಂದರೆ ಸುಳ್ಳಲ್ಲ. ಮೈಯ ಹೆಚ್ಚುವರಿ ನೀರನ್ನು ಮೂತ್ರದಲ್ಲಿ ಹೊರಹಾಕುವ ನೀರಿನ ಮಾತ್ರೆ ಫ್ಯೂರೋಸೆಮೈಡ್, ನುಂಗಿದ ಒಂದು ಗಂಟೆಯೊಳಗೆ ಕೆಲಸ ಶುರು ಮಾಡುತ್ತದೆ, ಆರು ಗಂಟೆಯ ಹೊತ್ತಿಗೆ ಅದರ ಆಟ ಮುಗಿಯುತ್ತದೆ. ಬೆಳಗ್ಗೆ 8ಕ್ಕೆ ನುಂಗಿ 9ಕ್ಕೆ ಬಸ್ಸು ಹತ್ತಿದರೆ ಪೇಚಾಟ ಖಂಡಿತ. ಅದಕ್ಕೆ ಮಾತ್ರೆ ಬಿಡಬೇಕಾಗಿಲ್ಲ, ಹೊತ್ತು ಬದಲಿಸಿದರೆ ಸಾಕು. ಮಧ್ಯಾಹ್ನ ಮನೆಗೆ ಬಂದ ಮೇಲೆ ತಗೊಳ್ಳಲಿ. ಸಂಜೆ 4 ದಾಟಿಸಬೇಡಿ. ರಾತ್ರಿಯೆಲ್ಲ ಎದ್ದೆದ್ದು ಹೋಗಿ, ಕತ್ತಲಲ್ಲಿ ಬಿದ್ದು ಸೊಂಟ ಮುರಿದುಕೊಂಡವರಿದ್ದಾರೆ. ದಿನಕ್ಕೆ ಎರಡು ಸಲದ ಮಾತ್ರೆಯಾದರೆ, ಅಥವಾ ಟಾರ್ಸೆಮೈಡ್ ಅನ್ನುವ ಇನ್ನೊಂದು ನೀರಿನ ಮಾತ್ರೆಯಾದರೆ ಲೆಕ್ಕ ಬೇರೆ, ನಿಮ್ಮ ಡಾಕ್ಟರನ್ನೇ ಕೇಳಿ.

ತಪ್ಪಿಸಿದ್ದನ್ನು ಮಾತ್ರ ಮುಚ್ಚಿಡಬೇಡಿ. ಮುಚ್ಚಿಟ್ಟರೆ, ಮಾತ್ರೆ ಸಾಲುತ್ತಿಲ್ಲ ಅಂದುಕೊಂಡು ನಾವು ಡಾಕ್ಟರುಗಳು ಡೋಸ್ ಏರಿಸುತ್ತೇವೆ. ಆಮೇಲೆ ಒಂದು ದಿನ ಹೆಂಡತಿ ಎದುರಿಗೇ ನಿಂತು ಎಲ್ಲ ನುಂಗಿಸುತ್ತಾರೆ. ಬಿಪಿ ಇಳಿದು ತಲೆ ಸುತ್ತುತ್ತದೆ, ಕಿಡ್ನಿಗೂ ಪೆಟ್ಟು. ಇಂಥದ್ದನ್ನು ನೋಡಿ ನೋಡಿ ಸಾಕಾಗಿದೆ.

ಇನ್ನು ಕಾಲಿನ ವಾದ. ಕಾಲು ಊದುವಷ್ಟರಲ್ಲಿ ಮೈಯಲ್ಲಿ ಲೀಟರುಗಟ್ಟಲೆ ನೀರು ಸೇರಿರುತ್ತದೆ. ತೂಕದ ಮಷೀನು ಅದಕ್ಕಿಂತ ಮೊದಲೇ ಹೇಳುತ್ತದೆ, ಒಂದು ಲೀಟರ್ ನೀರು ಅಂದರೆ ಒಂದು ಕೆಜಿ ಅಲ್ವಾ? ದಿನಾ ಬೆಳಗ್ಗೆ ಎದ್ದು ಮೂತ್ರಕ್ಕೆ ಹೋಗಿ ಬಂದ ಮೇಲೆ, ಏನನ್ನೂ ತಿನ್ನುವ ಮೊದಲು, ಒಂದೇ ಥರದ ತೆಳು ಬಟ್ಟೆಯಲ್ಲಿ ನೋಡಬೇಕು. ಮಷೀನು ಗಟ್ಟಿ ನೆಲದ ಮೇಲಿರಲಿ, ಚಾಪೆ ಮೇಲಲ್ಲ. 3 ದಿನದಲ್ಲಿ 2 ಕೆಜಿ ಏರಿದರೆ ಅದು ಕೊಬ್ಬಲ್ಲ, ನೀರು. ಅವತ್ತೇ ಫೋನ್ ಮಾಡಿ.

ತೂಕ ಅವರೇ ನೋಡಲಿ, ಅವರ ಕೈಯಲ್ಲೇ ಕ್ಯಾಲೆಂಡರಿನಲ್ಲಿ ಬರೆಯಲಿ. ನೀವು ಪಹರೆ ಕಾಯಬೇಡಿ. ಅವರಿಗೇ ಗೊತ್ತಾಗದ್ದನ್ನು ಗಮನಿಸುವುದು ನಿಮ್ಮ ಕೆಲಸ. ಎರಡು ದಿಂಬು ಮೂರಾಯಿತಾ? ಮಲಗಿ ಸ್ವಲ್ಪ ಹೊತ್ತಿಗೆ ಉಸಿರು ಕಟ್ಟಿ ಎದ್ದು ಕೂರುತ್ತಾರಾ? ಮಾತಾಡುತ್ತಾ ಮೆಟ್ಟಿಲು ಹತ್ತುತ್ತಿದ್ದವರು ಈಗ ಫೋನ್ ನೋಡುವ ನೆಪದಲ್ಲಿ ಅರ್ಧಕ್ಕೆ ನಿಲ್ಲುತ್ತಾರಾ? ರೋಗಿ ‘ಚೆನ್ನಾಗಿದ್ದೀನಿ ಡಾಕ್ಟ್ರೇ’ ಅಂದಾಗಲೆಲ್ಲ ನಾನು ಪಕ್ಕದ ಕುರ್ಚಿಯಲ್ಲಿದ್ದವರ ಮುಖ ನೋಡುತ್ತೇನೆ. ಸುಮ್ಮನೆ ಕೂತಲ್ಲೇ ಏದುಸಿರು ಬಂದರೆ ತೂಕ ಗೀಕ ಅಂತ ಕೂರಬೇಡಿ, ಆಂಬುಲೆನ್ಸ್ ಕರೆಸಿ.

ಹಾಂ, ನಿಮ್ಮ ಬಿಪಿ ಕೊನೆಯ ಸಲ ನೋಡಿಸಿದ್ದು ಯಾವಾಗ?

ಪ್ರಶ್ನೆ: ಎಕೋದಲ್ಲಿ (ಹೃದಯದ ಸ್ಕ್ಯಾನ್) ಇಎಫ್ (ಪ್ರತಿ ಬಡಿತಕ್ಕೆ ಹೃದಯ ತನ್ನೊಳಗಿನ ರಕ್ತದಲ್ಲಿ ನೂರಕ್ಕೆ ಎಷ್ಟನ್ನು ಹೊರದೂಡುತ್ತದೆ ಅನ್ನುವ ಲೆಕ್ಕ) 30ರಿಂದ 50ಕ್ಕೆ ಬಂದಿದೆ. ಇನ್ನು ಹಾರ್ಟಿನ ಮಾತ್ರೆ ನಿಲ್ಲಿಸಬಹುದಾ?

ಬೇಡ. ಅದು ಏರಿರುವುದೇ ಮಾತ್ರೆಯಿಂದ. ಹೀಗೆ ಚೇತರಿಸಿಕೊಂಡವರಿಗೆ ಮಾತ್ರೆ ನಿಲ್ಲಿಸಿ ನೋಡಿದ ಬ್ರಿಟನ್ನಿನ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. 6 ತಿಂಗಳಲ್ಲಿ ನೂರಕ್ಕೆ 40ಕ್ಕೂ ಜಾಸ್ತಿ ಜನರಿಗೆ ಕಾಯಿಲೆ ಮರಳಿತ್ತು.

ಪ್ರಶ್ನೆ: ಮಂಡಿನೋವಿಗೆ ಡೈಕ್ಲೋಫಿನಾಕ್ ಅನ್ನುವ ನೋವಿನ ಮಾತ್ರೆ ತಗೊಳ್ಳಬಹುದಾ?

ಬೇಡ, ಐಬುಪ್ರೊಫೇನೂ ಬೇಡ. ಎರಡೂ ಮೈಯಲ್ಲಿ ನೀರು ನಿಲ್ಲಿಸುತ್ತವೆ. ಪ್ಯಾರಾಸಿಟಮಾಲ್ ಇದೆಯಲ್ಲ. ಅದರಲ್ಲೂ ನೀರಿಗೆ ಹಾಕಿದರೆ ಬುರುಗು ಬರುವ ಮಾತ್ರೆ ಬೇಡ, ಅದರ ತುಂಬ ಸೋಡಿಯಂ.

ಪ್ರಶ್ನೆ: ‘ಕಡಿಮೆ ಸೋಡಿಯಂ’ ಉಪ್ಪು ಒಳ್ಳೆಯದಾ?

ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಇರುತ್ತದೆ. ಹಾರ್ಟ್ ಫೇಲ್ಯೂರಿಗೆ ಕೊಡುವ ಸ್ಪೈರನೊಲ್ಯಾಕ್ಟೋನ್ ಮಾತ್ರೆಯೂ ಮೈಯಲ್ಲಿ ಪೊಟ್ಯಾಸಿಯಂ ಉಳಿಸುತ್ತದೆ. ಅದನ್ನು ತಗೊಳ್ಳುವವರು ಈ ಉಪ್ಪು ತಿಂದರೆ ಪೊಟ್ಯಾಸಿಯಂ ಅತಿಯಾಗಿ ಹೃದಯದ ಬಡಿತವೇ ಹದ ತಪ್ಪಬಹುದು.

ಪ್ರಶ್ನೆ: ಗಿಡಮೂಲಿಕೆ ಪುಡಿ ಕೊಡುವವರೊಬ್ಬರು ಸೈಡ್ ಎಫೆಕ್ಟೇ ಇಲ್ಲ ಅಂತಾರೆ.

ನಾವು ಹೃದಯಕ್ಕೆ ಕೊಡುವ ಡಿಗಾಕ್ಸಿನ್ ಔಷಧ ಕೂಡ ಗಿಡದಿಂದಲೇ ಬಂದದ್ದು. 1785ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ ಫಾಕ್ಸ್‌ಗ್ಲೋವ್ ಗಿಡದ ಔಷಧ ಗುಣದ ಬಗ್ಗೆ ಬರೆದಾಗಲೇ ಅದರ ವಿಷದ ಬಗ್ಗೆಯೂ ಬರೆದಿದ್ದ. ಸೈಡ್ ಎಫೆಕ್ಟೇ ಇಲ್ಲ ಅನ್ನುವವನು ಒಂದೋ ಸುಳ್ಳು ಹೇಳುತ್ತಿದ್ದಾನೆ, ಇಲ್ಲವೇ ಅವನ ಪುಡಿಯಲ್ಲಿ ಏನೂ ಇಲ್ಲ.

ಪ್ರಶ್ನೆ (ಹೆಸರು ಬೇಡ ಎಂದವರು): ಈ ವಯಸ್ಸಿನಲ್ಲಿ, ಈ ಕಾಯಿಲೆಯಲ್ಲಿ, ಗಂಡ ಹೆಂಡತಿ ಕೂಡಬಹುದಾ?

ಎರಡು ಮಹಡಿ ಮೆಟ್ಟಿಲನ್ನು ಏದುಸಿರಿಲ್ಲದೆ ಹತ್ತುವವರಾದರೆ ಧಾರಾಳವಾಗಿ. ಎದೆನೋವಿಗೆ ಕೊಡುವ ನೈಟ್ರೇಟ್ ಮಾತ್ರೆ ತಗೊಳ್ಳುವವರು ಮಾತ್ರ ವಯಾಗ್ರ ಮುಟ್ಟಲೇಬೇಡಿ. ಎರಡೂ ಸೇರಿದರೆ ಬಿಪಿ ಪಾತಾಳ ಸೇರುತ್ತದೆ.