ಮಾತ್ರೆ ಸರಿ, ಮಾತು ಯಾಕೆ ದಂಡ?

ದಾವಣಗೆರೆಯ ಓದುಗರೊಬ್ಬರ ಪತ್ರ: ‘ತಮ್ಮನಿಗೆ ಬೈಪೋಲಾರ್ ಕಾಯಿಲೆ. ಲಿಥಿಯಂ ತಗೊಳ್ತಿದ್ದಾನೆ. ಸಿಬಿಟಿ ಅಂತ ಮಾತಿನ ಚಿಕಿತ್ಸೆ ಇದೆಯಂತೆ. ಕೂತು ಮಾತಾಡಿದರೆ ಇಂಥ ಕಾಯಿಲೆ ಹೋಗುತ್ತದಾ? ದುಡ್ಡು ದಂಡ ಅಂತಾರೆ ಮನೆಯವರು. ತಿಂಗಳಿಗೊಮ್ಮೆ ನಾನೇ ಹೋಗಿ ಚೀಟಿ ಬರೆಸಿಕೊಂಡು ಬರುತ್ತೇನೆ.’

ಬೈಪೋಲಾರ್ ಅಂದರೆ ಮನಸ್ಸು ಕೆಲಕಾಲ ಉನ್ಮಾದಕ್ಕೆ ಏರಿ, ಕೆಲಕಾಲ ಖಿನ್ನತೆಗೆ ಇಳಿಯುವ ಕಾಯಿಲೆ. ಮಾತ್ರೆಯ ಪಾಲನ್ನು ಮೊದಲೇ ಕೊಟ್ಟುಬಿಡೋಣ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಲಿಥಿಯಂ ಗುಣವನ್ನು ತೋರಿಸಿಕೊಟ್ಟ ಮೇಲೆ ಎಷ್ಟೋ ಮನೆಗಳು ಉಳಿದವು. ಅದನ್ನು ನಿಲ್ಲಿಸುವ ಮಾತೇ ಇಲ್ಲ. ಲಿಥಿಯಂ ಮಟ್ಟ ನೋಡುವ ರಕ್ತಪರೀಕ್ಷೆಯನ್ನೂ ತಪ್ಪಿಸಬೇಡಿ.

ಆದರೆ ಅಲ್ಲಿಗೇ ಮುಗಿಯಿತು ಅನ್ನುವವರ ಜೊತೆ ನನ್ನ ಜಗಳ ಹಳೆಯದು. 2003ರಲ್ಲಿ ಲಂಡನ್ನಿನ ಡೊಮಿನಿಕ್ ಲ್ಯಾಮ್ ಮತ್ತು ಜೊತೆಗಾರರು 103 ರೋಗಿಗಳ ಅಧ್ಯಯನ ಪ್ರಕಟಿಸಿದರು. ಎಲ್ಲರೂ ಮಾತ್ರೆ ನುಂಗುತ್ತಿದ್ದವರೇ. ಅರ್ಧ ಜನಕ್ಕೆ ಸಿಬಿಟಿಯೂ ಸಿಕ್ಕಿತು. ವರ್ಷದೊಳಗೆ ಕಾಯಿಲೆ ಮರುಕಳಿಸಿದ್ದು ಬರೀ ಮಾತ್ರೆಯವರಲ್ಲಿ ನೂರಕ್ಕೆ 75 ಮಂದಿಗೆ, ಸಿಬಿಟಿ ಸಿಕ್ಕವರಲ್ಲಿ 44 ಮಂದಿಗೆ. ಇದು ದಂಡವಾ?

2006ರಲ್ಲಿ ಜ್ಯಾನ್ ಸ್ಕಾಟ್ 253 ಜನರ ಮೇಲೆ ನಡೆಸಿದ ಪ್ರಯೋಗದಲ್ಲಿ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ, ನಿಜ. 12ಕ್ಕಿಂತ ಕಡಿಮೆ ಸಲ ಕಾಯಿಲೆ ಕೆರಳಿದ್ದವರಿಗೆ ಮಾತ್ರ ಉಪಯೋಗವಾದಂತೆ ಕಂಡಿತು. ಎದುರಾಳಿಗಳು ಇದನ್ನೇ ಎತ್ತಿ ಹಿಡಿಯುತ್ತಾರೆ. ನಾನು ಓದಿಕೊಳ್ಳುವುದು ಬೇರೆ ಥರ: ತಡ ಮಾಡಬೇಡಿ ಅಂತ.

ಸಿಬಿಟಿಯಲ್ಲಿ ಸುಮ್ನೆ ಹರಟೆ ಹೊಡೆಯುವುದಿಲ್ಲ ಸ್ವಾಮಿ. ನಿದ್ದೆ, ಮನಸ್ಸಿನ ಏರಿಳಿತವನ್ನು ದಿನಾ ಬರೆದಿಡಬೇಕು. ನಿದ್ದೆ ಕಡಿಮೆಯಾಗಿಯೂ ಸುಸ್ತೇ ಆಗದಿದ್ದರೆ ಅದು ಮುನ್ಸೂಚನೆ. ದೊಡ್ಡ ಖರ್ಚು ಮಾಡಬೇಕೆನಿಸಿದರೆ ಎರಡು ದಿನ ಕಾದು, ಇಬ್ಬರನ್ನು ಕೇಳಬೇಕು. ನನಗೆ ಗೊತ್ತಿರುವ ಮೇಷ್ಟ್ರೊಬ್ಬರು ರಾತ್ರಿ ಮೂರಕ್ಕೆ ಎದ್ದು ಬೀರು ಜೋಡಿಸಲು ಶುರು ಮಾಡಿದರೆ ಹೆಂಡತಿ ಬೆಳಿಗ್ಗೆಯೇ ಡಾಕ್ಟರಿಗೆ ಫೋನ್ ಮಾಡುತ್ತಾರೆ. ಹಾಗಂತ ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದಾರೆ. 1999ರ ಮ್ಯಾಂಚೆಸ್ಟರ್ ಪ್ರಯೋಗವೊಂದರಲ್ಲಿ 7ರಿಂದ 12 ಭೇಟಿಗಳಲ್ಲಿ ಕಲಿಸಿದ್ದು ಇಂಥದ್ದನ್ನೇ. ಕಲಿತವರಲ್ಲಿ ಮುಂದಿನ ಉನ್ಮಾದ ಎಷ್ಟೋ ತಡವಾಗಿ ಬಂತು.

ನಮ್ಮಲ್ಲಿ ಇದನ್ನು ಕಲಿಸುವವರು ಎಲ್ಲಿದ್ದಾರೆ ಅನ್ನುತ್ತೀರಿ. ನನ್ನ ಸಿಟ್ಟೂ ಅದೇ! ಬೆಂಗಳೂರಿನ ನಿಮ್ಹಾನ್ಸ್ ಇದೆ, ಸಂತೋಷ. ತಾಲ್ಲೂಕಿನವರು ಪ್ರತಿ ವಾರ ಬಸ್ ಹತ್ತಲಾಗುತ್ತದಾ? ಮನೆಯಲ್ಲಿ ತುಂಬಬೇಕಾದ ಹಾಳೆಗಳೋ, ಹೆಚ್ಚಿನವು ಇಂಗ್ಲಿಷಿನಲ್ಲಿ. ಸ್ಕ್ಯಾನಿಂಗ್ ಅಂದರೆ ಸಾಲ ಮಾಡಿಯಾದರೂ ಕಟ್ಟುತ್ತೇವೆ, ಒಂದು ಗಂಟೆ ಕಿವಿಗೊಟ್ಟು ಕೇಳಿದವರಿಗೆ ಫೀಸು ಕೊಡಲು ಕೈ ಹಿಂಜರಿಯುತ್ತದೆ. ರೋಗಿಯ ಮುಖ ನೋಡದೆ ಚೀಟಿ ಬರೆಯುವುದೂ ನಡೆಯುತ್ತಿದೆ, ಅದಕ್ಕೆ ನಿಮ್ಮ ಪತ್ರವೇ ಸಾಕ್ಷಿ.

ಮುಂದಿನ ತಿಂಗಳು ನೀವೊಬ್ಬರೇ ಹೋಗಬೇಡಿ, ತಮ್ಮನನ್ನೂ ಕರೆದುಕೊಂಡು ಹೋಗಿ. ಮಾತಿನ ಚಿಕಿತ್ಸೆ ಕೊಡುವ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರದಲ್ಲಿ ಯಾರಿದ್ದಾರೆ ಅಂತ ಅವನ ಎದುರೇ ಕೇಳಿ. ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡು ಬೇಡ, ಕನ್ನಡದಲ್ಲೇ ಮಾತಾಡುತ್ತಾರೆ.

— ಸಂಪಾದಕ