ಬೀಜಿಂಗ್‌ನ ಸಮ್ಮರ್ ಪ್ಯಾಲೇಸ್ ನೋಡೋಕೆ ಅಮ್ಮನ ಜೊತೆ ಎರಡು ಗಂಟೆ ಸಾಕಾ?
ಬೆಳಿಗ್ಗೆ ಫರ್ಬಿಡನ್ ಸಿಟಿ (ಚೀನಾ ದೊರೆಗಳ ಹಳೇ ಅರಮನೆ), ಮಧ್ಯಾಹ್ನ ಸಮ್ಮರ್ ಪ್ಯಾಲೇಸ್, ಜೊತೆಗೆ ಮಂಡಿನೋವಿರುವ ಅಮ್ಮ ಅಂತ ಕೇಳಿದ್ದೀರಿ. ಅಯ್ಯೋ, ಇದು ನನ್ನದೇ ಹಳೇ ಪ್ಲಾನು! ಸಾಕಾಗಲ್ಲ.

ನಾನು ಎಡವಿದ್ದು ಬಾಗಿಲಿನಲ್ಲಿ. ಮೆಟ್ರೋ ನಕ್ಷೆಯಲ್ಲಿ ನಾಲ್ಕನೇ ಲೈನಿನ ಬೇಗೊಂಗ್‌ಮೆನ್ ಸ್ಟೇಷನ್ ಅರಮನೆಗೆ ಅಂಟಿಕೊಂಡ ಹಾಗೆ ಕಾಣುತ್ತದೆ. ಅಮ್ಮನಿಗೆ ನಡಿಗೆ ಉಳಿಯುತ್ತೆ ಅಂತ ಅಲ್ಲೇ ಇಳಿದೆ. ಹತ್ತಿರವೇನೋ ನಿಜ. ಆದರೆ ಅದು ಉತ್ತರದ ಬಾಗಿಲು. ಅರಮನೆ ತೋಟದ ದೊಡ್ಡ ಕೆರೆ ಇರುವುದು ದಕ್ಷಿಣಕ್ಕೆ. ನಡುವೆ ವಾನ್‌ಶೌ ಗುಡ್ಡ, ಸುಮಾರು 60 ಮೀಟರ್ ಎತ್ತರ. ಸುಝೌ ಬೀದಿ ಅನ್ನೋ ಕಾಲುವೆಬದಿಯ ಅಂಗಡಿಸಾಲಿನ ಮೇಲಿನ ಕಲ್ಲುಸೇತುವೆ ದಾಟಿದರೆ ಎದುರಿಗೆ ಬರೀ ಮೆಟ್ಟಿಲು. ಬೆಳಿಗ್ಗೆಯಿಂದ ಕಲ್ಲುಹಾಸಿನ ಮೇಲೆ ನಡೆದು ಅಮ್ಮನ ಮಂಡಿ ಆಗಲೇ ಊದಿತ್ತು. ಗುಡ್ಡ ಬಳಸಿಕೊಂಡು ಹೋಗುವ, ಅಷ್ಟೇನೂ ಏರಿಲ್ಲದ ದಾರಿಯೂ ಇದೆ. ನಾನು ನೋಡಿಕೊಂಡಿರಲಿಲ್ಲ. ಎಲ್ಲರೂ ಹತ್ತುತ್ತಿದ್ದಾರಲ್ಲ ಅಂತ ನಾವೂ ಹತ್ತಿದೆವು.

ಮೇಲೆ ಹಸಿರು-ಹಳದಿ ಮೆರುಗಿನ ಗುಡಿ, ಗೋಡೆ ತುಂಬ ಪುಟ್ಟ ಪುಟ್ಟ ಬುದ್ಧರು. ಕೈಗೆಟುಕುವ ಸಾಲಿನಲ್ಲಿ ಹಲವರಿಗೆ ತಲೆಯೇ ಇಲ್ಲ. "ಯಾರು ಮಾಡಿದ್ದೋ ಇದು" ಅಂತ ಅಮ್ಮ ನೋಡುತ್ತಾ ನಿಂತಳು. 1860ರಲ್ಲಿ ಬ್ರಿಟಿಷ್ ಮತ್ತು ಫ್ರೆಂಚ್ ಸೇನೆ ಈ ತೋಟವನ್ನೇ ಸುಟ್ಟಿತ್ತು. ನಮ್ಮ ಹಲಸೂರು ಕೆರೆ ಪಕ್ಕದ ಸೇನಾದಳ ಮದ್ರಾಸ್ ಸ್ಯಾಪರ್ಸ್‌ಗೆ 'ಪೀಕಿನ್ (ಅಂದರೆ ಬೀಜಿಂಗ್) 1860' ಅನ್ನುವ ಯುದ್ಧಗೌರವ ಇದೆ, ಗೊತ್ತಾ? ಅಮ್ಮನಿಗೆ ಅದನ್ನು ಹೇಳಲು ಬಾಯಿ ಬರಲಿಲ್ಲ.

ಹತ್ತಿದ್ದಕ್ಕಿಂತ ಇಳಿಯೋದೇ ಕಷ್ಟವಾಯಿತು. ಕೆಳಗೆ 728 ಮೀಟರ್ ಉದ್ದದ ಲಾಂಗ್ ಕಾರಿಡಾರ್, ತೊಲೆತೊಲೆಗೂ ಬಣ್ಣದ ಚಿತ್ರ. ಅಮ್ಮ ತಲೆ ಎತ್ತಿ ಒಂದನ್ನೂ ನೋಡಲಿಲ್ಲ. ಕೂತು, ಚಪ್ಪಲಿ ಬಿಟ್ಟು ಮಂಡಿ ತಿಕ್ಕಿಕೊಂಡಳು. ಕೆರೆಯಾಚೆ ಹದಿನೇಳು ಕಮಾನಿನ ಸೇತುವೆ ಕಾಣುತ್ತಿತ್ತು. "ನೀನು ಹೋಗಿ ಬಾ, ನಾನಿಲ್ಲೇ ಇರ್ತೀನಿ" ಅಂದಳು. ಹೋಗಲಿಲ್ಲ. ಚಿಯಾನ್‌ಲಾಂಗ್ ದೊರೆ 1750ರಲ್ಲಿ ಈ ತೋಟಕ್ಕೆ ಕೈಹಾಕಿದ್ದು ತನ್ನ ತಾಯಿಗೆ 60 ತುಂಬುತ್ತೆ ಅಂತ. ಪಕ್ಕದಲ್ಲೇ ಕೂತು ಫೋನಿನಲ್ಲಿ ಇದನ್ನು ಓದಿದೆ, ನನ್ನ ಗ್ರಹಚಾರಕ್ಕೆ.

ಎರಡು ಗಂಟೆ ಸಾಕಾ ಅನ್ನೋದನ್ನು ಬಿಡಿ. ಎರಡರಲ್ಲಿ ಒಂದು ಜಾಗ ಬಿಡಿ. ನನ್ನ ಕೇಳಿದರೆ ಫರ್ಬಿಡನ್ ಸಿಟಿಯನ್ನೇ ಬಿಡಿ, ಬೈಯುವವರು ಬೈಯಲಿ. ಸಮ್ಮರ್ ಪ್ಯಾಲೇಸ್ ಅಂದ ಮಾತ್ರಕ್ಕೆ ಮೈಸೂರು ಅರಮನೆ ಥರ ಅಂದುಕೊಳ್ಳಬೇಡಿ. ಸುಮಾರು 290 ಹೆಕ್ಟೇರಿನಲ್ಲಿ ಮುಕ್ಕಾಲು ಪಾಲು ನೀರು. ಸುಮ್ನೆ ಕೂತು ನೋಡುವ ಜಾಗ ಅದು. ಶಿಯುವಾನ್ ಸ್ಟೇಷನ್ನಿನಲ್ಲಿ ಇಳಿದು ಪೂರ್ವದ ಬಾಗಿಲಿನಿಂದ ಹೋಗಿ. ಹೊರಗೆ ನಡಿಗೆ ಸ್ವಲ್ಪ ಜಾಸ್ತಿ, ಆದರೆ ಸಮತಟ್ಟು, ಒಳಗೆ ಹೋದ ಸ್ವಲ್ಪ ಹೊತ್ತಿಗೇ ಕೆರೆ. ಗುಡ್ಡದ ತಂಟೆಗೇ ಹೋಗಬೇಡಿ, ದೋಣಿ ಹತ್ತಿಸಿ ಅಮ್ಮನನ್ನು ಆಚೆ ದಡಕ್ಕೆ ಕರೆದುಕೊಂಡು ಹೋಗಿ. ಪಾಸ್‌ಪೋರ್ಟ್ ಜೊತೆಗಿರಲಿ.

ಚಳಿಗಾಲದಲ್ಲಿ ಕೆರೆ ಹೆಪ್ಪುಗಟ್ಟುತ್ತದೆ, ಆಗ ದೋಣಿ ಇರಲ್ಲ. ನೀವು ಹೋಗ್ತಿರೋದು ಯಾವ ತಿಂಗಳು?